ಊದುವವನಿಗೂ ಬಂದೂಕು ಬರಬೇಕು

ತಮ್ಮಾ, ಸೈನ್ಯದ ಬ್ಯಾಂಡಿಗೆ ಅರ್ಜಿ ಹಾಕಿದ್ದೀಯ ಎಂದು ನಿನ್ನ ಅವ್ವ ಹೇಳಿದಳು. ಬಹಳ ಸಂತೋಷವಾಯಿತು. ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದಿಕೊಂಡು ಬೆಳೆದ ಹುಡುಗ ನೀನು. ಉಸಿರು ಗಟ್ಟಿಯಿದೆ, ಕಿವಿ ಚುರುಕಾಗಿದೆ. ಆದರೆ ಅವಳು ಇನ್ನೊಂದು ಮಾತನ್ನೂ ಹೇಳಿದಳು. ಬ್ಯಾಂಡಿಗೆ ಸೇರಿದರೆ ಬಂದೂಕಿನ ತಂಟೆಯೇ ಇಲ್ಲವಂತೆ, ಗಡಿಯ ಕಡೆ ತಲೆ ಹಾಕಬೇಕಿಲ್ಲವಂತೆ, ನಾಲ್ಕು ವರ್ಷ ಚೆನ್ನಾಗಿ ಊದಿದರೆ ಬ್ಯಾಂಡ್ ಮಾಸ್ಟರ್ ಆಗಿಬಿಡಬಹುದಂತೆ. ಅವಳ ಸಮಾಧಾನಕ್ಕೆ ಹೇಳಿದ ಮಾತಾದರೆ ಸರಿ, ತಾಯಂದಿರಿಗೆ ಅಷ್ಟು ಹೇಳಬೇಕಾಗುತ್ತದೆ. ನೀನೇ ಅದನ್ನು ನಂಬಿ ಹೊರಟಿದ್ದರೆ ಮಾತ್ರ ಸ್ವಲ್ಪ ಕೂತು ಕೇಳು.

ನಾನೂ ಬ್ಯಾಂಡಿನವನೇ, ಯೂಫೋನಿಯಂ ಊದುತ್ತಿದ್ದವನು. ನಮ್ಮ ಬೆಳಗು ಶುರುವಾಗುತ್ತಿದ್ದುದು ಓಟದಿಂದ. ವಾದ್ಯ ಕೈಗೆ ಬರುತ್ತಿದ್ದುದು ಆಮೇಲೆ. ಡ್ರಿಲ್ ಎಲ್ಲರಿಗೂ ಒಂದೇ, ಫೈರಿಂಗ್ ರೇಂಜಿನ ಸರದಿಯೂ ಒಂದೇ. ಅದರ ಮೇಲೆ ಪ್ರಥಮ ಚಿಕಿತ್ಸೆಯ ಪಾಠ ಬೇರೆ. ರಕ್ತ ಸೋರುವ ತೊಡೆಗೆ ಪಟ್ಟಿ ಎಲ್ಲಿ ಬಿಗಿಯಬೇಕು, ಗಾಯಾಳುವನ್ನು ಹೊತ್ತು ಏರು ಹತ್ತುವಾಗ ಅವನ ತಲೆ ಮುಂದಿರಬೇಕೋ ಕಾಲು ಮುಂದಿರಬೇಕೋ ಎಂಬುದನ್ನೆಲ್ಲ ಕೈಯಲ್ಲಿ ಮಾಡಿ ತೋರಿಸಬೇಕಿತ್ತು. ತಲೆ ಮುಂದಿರಬೇಕು, ನೆನಪಿಟ್ಟುಕೋ. ಕದನ ಶುರುವಾದ ದಿನ ಬ್ಯಾಂಡಿನವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಸ್ಟ್ರೆಚರ್ ಹಿಡಿಯುತ್ತಾರೆ. ಇದು ಹಳೆಯ ಪದ್ಧತಿ. ಮೊದಲ ಮಹಾಯುದ್ಧದ ಕಾಲದಲ್ಲೂ ಹೀಗೇ ಇತ್ತು.

ಬ್ಯಾಂಡ್ ಮಾಸ್ಟರ್ ಆಗುವ ಆಸೆ ತಪ್ಪಲ್ಲ. ಆ ಆಸೆಯಿಲ್ಲದೆ ಯಾರೂ ಬೆಳಕು ಹರಿಯದ ಹೊತ್ತಿನಲ್ಲಿ ಎದ್ದು ಸ್ವರ ತೀಡುವುದಿಲ್ಲ. ಆದರೆ ಆ ಜಾಗಕ್ಕೆ ಬಂದವರು ಯಾವ ದಾರಿ ತುಳಿದು ಬಂದರು ಎಂಬುದನ್ನು ನೋಡು. ನನಗೆ ಬಹಳ ಹಿಡಿಸಿದವನು ಅಮೆರಿಕದವನು, ಜೇಮ್ಸ್ ರೀಸ್ ಯುರೋಪ್. ಹೆಸರು ಕೇಳಿ ನಗಬೇಡ, ಅವನ ಮನೆತನದ ಹೆಸರೇ ಅದು. ಎಲ್ಲರೂ ಜಿಮ್ ಎಂದೇ ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆಯೋಣ.

ಜಿಮ್ ಕಪ್ಪು ಜನಾಂಗದವನು. ಅಲಬಾಮಾದಲ್ಲಿ ಹುಟ್ಟಿ, ವಾಷಿಂಗ್ಟನ್ನಿನಲ್ಲಿ ಅಮೆರಿಕದ ಮರೀನ್ ಬ್ಯಾಂಡಿನ ಸಹಾಯಕ ನಿರ್ದೇಶಕನೊಬ್ಬನ ಬಳಿ ಪಿಟೀಲು ಕಲಿತ. ನ್ಯೂಯಾರ್ಕಿಗೆ ಬಂದು ತನ್ನವರ ಕೈಗೆ ಸರಿಯಾದ ಕೂಲಿ ಸಿಗಲೆಂದು 1910ರಲ್ಲಿ ಕ್ಲೆಫ್ ಕ್ಲಬ್ ಎಂಬ ವಾದಕರ ಸಂಘ ಕಟ್ಟಿದ. 1912ರಲ್ಲಿ ಆ ಸಂಘದ ವಾದ್ಯವೃಂದವನ್ನು ಅಲ್ಲಿನ ಹೆಸರಾಂತ ಸಂಗೀತ ಸಭಾಂಗಣವಾದ ಕಾರ್ನೆಗಿ ಹಾಲಿಗೇ ಕರೆದೊಯ್ದ. ಹೆಸರು, ಹಣ ಎರಡೂ ಬಂದಿದ್ದವು. ಅಂಥವನು 1916ರಲ್ಲಿ ನ್ಯೂಯಾರ್ಕಿನ 15ನೇ ಪದಾತಿ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಬ್ಯಾಂಡಿಗಲ್ಲ, ಗಮನಿಸು. ಕಪ್ಪು ಜನರದೇ ಆದ ಒಂದು ಪಡೆ ನ್ಯೂಯಾರ್ಕಿನಲ್ಲಿ ಅವರ ಕೇರಿಯಾದ ಹಾರ್ಲೆಮ್ಮಿನಲ್ಲಿ ಎದ್ದು ನಿಂತರೆ ಅಲ್ಲಿನ ಹುಡುಗರಿಗೆ ಒಂದು ನೆಲೆ ಸಿಗುತ್ತದೆ ಎಂಬುದು ಅವನ ಲೆಕ್ಕ. ಪರೀಕ್ಷೆ ಬರೆದು ಅಧಿಕಾರಿಯಾದ, ಮಷಿನ್ ಗನ್ ಕಂಪನಿಗೆ ಲೆಫ್ಟಿನೆಂಟ್ ಆದ. ಬ್ಯಾಂಡ್ ಕಟ್ಟಿಕೊಡು ಎಂದು ಪಡೆಯ ಮುಖ್ಯಸ್ಥ ಕರ್ನಲ್ ಹೇವರ್ಡ್ ಅವನ ಹಿಂದೆ ಬಿದ್ದದ್ದು ಆಮೇಲೆ.

ಜಿಮ್ ಕೂಡಲೇ ಹೂಂ ಎನ್ನಲಿಲ್ಲ. ನಿಯಮದ ಪ್ರಕಾರ ಬ್ಯಾಂಡಿಗೆ 28 ಜನ. ಅಷ್ಟರಲ್ಲಿ ತನಗೆ ಬೇಕಾದ ನಾದ ಹೊರಡುವುದಿಲ್ಲ, ಒಳ್ಳೆಯ ವಾದಕರು ಬರೀ ಸಿಪಾಯಿ ಸಂಬಳಕ್ಕೆ ಬರುವುದೂ ಇಲ್ಲ ಎಂದ. ಕರ್ನಲ್ ಒಬ್ಬ ಶ್ರೀಮಂತನಿಂದ 10,000 ಡಾಲರ್ ತಂದು ಮುಂದಿಟ್ಟ. ಅಷ್ಟಾದರೂ ಒಂದು ಕೊರತೆ ಉಳಿಯಿತು. ಹಾರ್ಲೆಮ್ಮಿನ ವಾದಕರಲ್ಲಿ ಬ್ಯಾಂಜೊ, ಮ್ಯಾಂಡೊಲಿನ್ ಮೀಟುವವರೇ ಹೆಚ್ಚು. ಸ್ವರಲಿಪಿ ಓದಿ ಕ್ಲಾರಿನೆಟ್ ಊದುವವರು ಬೇಕಾದಷ್ಟು ಸಿಗಲಿಲ್ಲ. ಪೋರ್ಟೊ ರಿಕೋದಲ್ಲಿ ಊರೂರಿಗೂ ಪುರಸಭೆಯ ಬ್ಯಾಂಡುಗಳಿವೆ ಎಂದು ತಿಳಿದು 1917ರಲ್ಲಿ ಜಿಮ್ ಅಲ್ಲಿಗೇ ಹೋಗಿ ಆಳು ಆರಿಸಿಕೊಂಡು ಬಂದ. ಮುಂದೆ ಲ್ಯಾಟಿನ್ ಅಮೆರಿಕದ ತುಂಬ ಹೆಸರಾದ ಗೀತಸಂಯೋಜಕ ರಾಫೆಲ್ ಎರ್ನಾಂಡೆಸ್ ಹಾಗೆ ಬಂದವರಲ್ಲಿ ಒಬ್ಬ. ಕೋಲು ಹಿಡಿದು ಮುಂದೆ ನಿಲ್ಲುವ ಮೊದಲು ನಾಯಕ ಎಷ್ಟು ಬಾಗಿಲು ತಟ್ಟಬೇಕು ನೋಡು.

ಮೊದಲ ಮಹಾಯುದ್ಧಕ್ಕೆಂದು ಹಡಗಿನಲ್ಲಿ ಹೊರಟ ಪಡೆ 1918ರ ಹೊಸವರ್ಷದ ದಿನ ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಇಳಿಯಿತು. ಬ್ಯಾಂಡು ಇಳಿದ ಕೂಡಲೇ ಫ್ರೆಂಚರ ರಾಷ್ಟ್ರಗೀತೆ ನುಡಿಸಿತು. ದಡದಲ್ಲಿದ್ದ ಸೈನಿಕರು ಸುಮ್ಮನೆ ನಿಂತೇ ಇದ್ದರಂತೆ. ಎಂಟು ಹತ್ತು ಮಾತ್ರೆಗಣಗಳು ಕಳೆದ ಮೇಲೆ ಇದು ತಮ್ಮದೇ ಗೀತೆ ಎಂದು ಹೊಳೆದು ಸೆಟೆದು ನಿಂತು ಸೆಲ್ಯೂಟ್ ಹೊಡೆದರಂತೆ. ಲಯದ ನಡೆ ಅಷ್ಟು ಹೊಸದಾಗಿತ್ತು. ಮುಂದೆ ಪ್ಯಾರಿಸಿನಲ್ಲಿ ಫ್ರಾನ್ಸಿನ ಹೆಸರಾಂತ ಗಾರ್ದ್ ರಿಪಬ್ಲಿಕೇನ್ ಬ್ಯಾಂಡಿನ ನಾಯಕ ಜಿಮ್ಮನ ಒಂದು ಕೃತಿಯ ಸ್ವರಲಿಪಿ ಕೇಳಿ ಪಡೆದ. ತನ್ನವರಿಂದ ನುಡಿಸಿದರೆ ಆ ನಾದ ಹೊರಡಲಿಲ್ಲ. ವಾದ್ಯಗಳಲ್ಲೇ ಏನೋ ಕರಾಮತ್ತಿರಬೇಕೆಂದು ಇವರ ಕೊಂಬು, ಟ್ರಾಂಬೋನುಗಳನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ! ಕರಾಮತ್ತು ಇದ್ದದ್ದು ನಾಲಿಗೆಯಲ್ಲಿ, ಕೊಂಬಿನ ಬಾಯಿಗೆ ಮ್ಯೂಟ್ ಇಟ್ಟು ಪೂರ್ತಿ ಒತ್ತಡದಲ್ಲಿ ಊದುವ ಉಸಿರಿನಲ್ಲಿ. ಇದನ್ನೆಲ್ಲ ಜಿಮ್ ಊರಿಗೆ ಮರಳಿದ ಮೇಲೆ ಹೇಳಿಕೊಂಡಿದ್ದಾನೆ. ಅದೇ ಮಾತಿನಲ್ಲಿ ಇನ್ನೊಂದು ವಿಷಯವಿದೆ, ಅದು ನಿನಗಾಗಿಯೇ ಹೇಳಿದಂತಿದೆ. ತನ್ನವರು ಬರೆದದ್ದಕ್ಕಿಂತ ಕಡಿಮೆ ನುಡಿಸಿಯಾರು ಎಂಬ ಭಯ ಅವನಿಗಿರಲಿಲ್ಲ. ತನಗೆ ಬೇಕಾದ್ದಕ್ಕಿಂತ ಹೆಚ್ಚು ಸೇರಿಸದಿರಲಿ ಎಂದು ದಿನವೂ ಅಭ್ಯಾಸಕ್ಕೆ ಕೂರಿಸುತ್ತಿದ್ದ. ಬರಾತಿನ ಮುಂದೆ ಮನಸ್ಸಿಗೆ ಬಂದಂತೆ ಬಳುಕಿಸಿ ಊದಿ ಶಿಳ್ಳೆ ಗಿಟ್ಟಿಸಿದವನು ನೀನು. ಸೈನ್ಯದಲ್ಲಿ ನಿಮಿಷಕ್ಕೆ 120 ಹೆಜ್ಜೆ, ನೂರಾರು ಬೂಟುಗಳು ನಿನ್ನ ಸ್ವರದ ಮೇಲೆ ಬೀಳುತ್ತವೆ. ಅಲ್ಲಿ ಶಿಳ್ಳೆ ಯಾರಿಗೂ ಬೇಕಿಲ್ಲ.

ಜಿಮ್ಮನ ಪಡೆಯನ್ನು ಅಮೆರಿಕದವರು ತಮ್ಮ ಬಿಳಿಯರ ಜೊತೆ ಹೋರಾಡಲು ಬಿಡದೆ ಮೊದಲು ಹಾರೆ ಗುದ್ದಲಿ ಕೊಟ್ಟು ಬಂದರಿನ ಕೆಲಸಕ್ಕೆ ಹಚ್ಚಿದರು, ಆಮೇಲೆ ಫ್ರೆಂಚ್ ಸೇನೆಗೆ ಒಪ್ಪಿಸಿದರು. ಅಷ್ಟರಲ್ಲಿ ಅದರ ಹೆಸರು 369ನೇ ಪದಾತಿ ದಳ ಎಂದಾಗಿತ್ತು. ಬ್ಯಾಂಡು ಹಿಂದೆ ಉಳಿದಾಗ ಜಿಮ್ ಮಷಿನ್ ಗನ್ನಿನವರ ಜೊತೆ ಕಂದಕಕ್ಕೆ ಇಳಿದ. ಬೇಡವೆಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು ಎಂದು ನನಗನ್ನಿಸುತ್ತದೆ. ಅಷ್ಟು ಬೇಕಾದ ಮನುಷ್ಯ ಅವನು. ಜೂನಿನಲ್ಲಿ ವಿಷಾನಿಲ ಕುಡಿದು ಆಸ್ಪತ್ರೆ ಸೇರಿದ. ಊದುವವರ ನಾಯಕನಿಗೆ ಶ್ವಾಸಕೋಶಕ್ಕೇ ಪೆಟ್ಟು. ಹಾಸಿಗೆಯಲ್ಲೇ ಎರಡೂ ಕಡೆಯ ಕಂದಕಗಳ ನಡುವಿನ ಗಸ್ತಿನ ಬಗ್ಗೆ ಒಂದು ಹಾಡು ಕಟ್ಟಿದ. ಆಗಸ್ಟಿನಲ್ಲಿ ಅವನು ಮತ್ತೆ ಬ್ಯಾಂಡಿನ ಮುಂದೆ ನಿಂತಾಗ ಆ ಹುಡುಗರು ಅವನ ಕೋಲನ್ನು ಬೇರೆಯೇ ಕಣ್ಣಿನಿಂದ ನೋಡಿರಬೇಕು. ಪ್ಯಾರಿಸಿನಲ್ಲಿ ಒಂದು ಕಚೇರಿಗೆಂದು ಹೋದವರನ್ನು ಜನ ಎಂಟು ವಾರ ಬಿಡಲಿಲ್ಲ.

ಅವನ ಜೊತೆಗಿದ್ದವರೂ ಒಂದೊಂದು ಬಗೆಯವರು. ಡ್ರಮ್ ಮೇಜರ್ ನೋಬಲ್ ಸಿಸಲ್ ಮೂಲತಃ ಹಾಡುಗಾರ, ಜಿಮ್ಮನ ಒತ್ತಾಯಕ್ಕೆ ಪಡೆಗೆ ಸೇರಿದವನು. ಯುಜೀನ್ ಮಿಕೆಲ್ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ ಮೇಷ್ಟ್ರು.

1919ರ ಫೆಬ್ರವರಿ 17ರಂದು ಅವರ ಪಡೆ ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿ ಸಾಗಿತು. ಹಾರ್ಲೆಮ್ ಮುಟ್ಟುವ ತನಕ ಜಿಮ್ ಗಂಭೀರ ಮಾರ್ಚುಗಳನ್ನೇ ನುಡಿಸಿದ. ತಮ್ಮ ಕೇರಿ ಬಂದ ಮೇಲೆಯೇ ಕುಣಿಸುವ ಧಾಟಿ. ಮೂರು ತಿಂಗಳೂ ಆಗಿರಲಿಲ್ಲ, ಮೇ 9ರಂದು ಬಾಸ್ಟನ್ನಿನಲ್ಲಿ ಕಚೇರಿಯ ನಡುವೆ ಶಿಸ್ತು ತಪ್ಪಿದ ಡ್ರಮ್ಮರ್ ಒಬ್ಬನನ್ನು ಒಳಕ್ಕೆ ಕರೆದು ಬುದ್ಧಿ ಹೇಳಿದ. ಆ ಹುಡುಗ ಸಣ್ಣ ಚಾಕುವಿನಿಂದ ಅವನ ಕೊರಳಿಗೆ ತಿವಿದ. ಜರ್ಮನರ ಮಷಿನ್ ಗನ್ ಎದುರಿಸಿ ಬಂದವನು ತನ್ನವನದೇ ಕೈಯಲ್ಲಿ ಸತ್ತ. ತಪ್ಪು ಜಿಮ್ಮನದು ಎನ್ನಲಾರೆ. ಆದರೆ ಬ್ಯಾಂಡ್ ನಡೆಸುವುದೆಂದರೆ ಹೆಚ್ಚಿನ ಪಾಲು ಮನುಷ್ಯರನ್ನು ನಡೆಸುವುದು. ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಯಾರಿಗೆ ಬಡ್ತಿ ತಪ್ಪಿದೆ, ಯಾರನ್ನು ನಾಲ್ವರ ಎದುರು ಗದರಬಾರದು ಎಂಬುದು ಸ್ವರಲಿಪಿಯಲ್ಲಿ ಬರೆದಿರುವುದಿಲ್ಲ. ಅದನ್ನು ಬ್ಯಾರಕ್ಕಿನಲ್ಲಿ ಅವರ ಪಕ್ಕದಲ್ಲೇ ಮಲಗಿ ಎದ್ದು ಕಲಿಯಬೇಕು. ಅದಕ್ಕೇ ನಾಲ್ಕೇ ವರ್ಷದ ಆಸೆ ಬೇಡ ಎನ್ನುವುದು.

ದೂರದವನ ಕತೆಯಾಯಿತು ಎನ್ನಬೇಡ. ನಮ್ಮಲ್ಲಿ ಕ್ಯಾಪ್ಟನ್ ರಾಮ್ ಸಿಂಗ್ ಠಾಕುರಿ ಇದ್ದರು. ಧರ್ಮಶಾಲಾ ಬಳಿ 1914ರಲ್ಲಿ ಹುಟ್ಟಿದ ಗೂರ್ಖಾ. ಹುಡುಗನಾಗಿದ್ದಾಗಲೇ ಗೂರ್ಖಾ ರೈಫಲ್ಸ್ ಬ್ಯಾಂಡಿಗೆ ಸೇರಿ ಸಂಗೀತ, ಸಿಪಾಯಿತನ ಎರಡನ್ನೂ ಒಟ್ಟಿಗೇ ಕಲಿತವರು. ವಾಯವ್ಯ ಗಡಿಯಲ್ಲಿ ಸೇವೆ, ಮಲಯಾದ ಯುದ್ಧ, ಜಪಾನಿಯರ ಸೆರೆ, ಅಲ್ಲಿಂದ ಆಜಾದ್ ಹಿಂದ್ ಫೌಜ್. "ಕದಂ ಕದಂ ಬಢಾಯೇ ಜಾ" ಹಾಡಿನ ಧಾಟಿ ಅವರದು. ನಡೆದು ಸುಸ್ತಾದ ಕಾಲುಗಳು ಎಂಥ ಲಯ ಕೇಳುತ್ತವೆ ಎಂಬುದು ಮೈಯಲ್ಲೇ ಗೊತ್ತಿದ್ದವರಿಗೆ ಮಾತ್ರ ಅಂಥ ಧಾಟಿ ಹೊಳೆದೀತು. ಬ್ರಿಟಿಷರು ನಿಷೇಧಿಸಿದ್ದ ಆ ಹಾಡಿಗೆ ಇಂದು ಭಾರತೀಯ ಸೇನೆಯೇ ಹೆಜ್ಜೆ ಹಾಕುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಅವರು ಲಖನೌದಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಬ್ಯಾಂಡನ್ನು ತರಬೇತುಗೊಳಿಸಿದರು. 2002ರಲ್ಲಿ ಅಲ್ಲೇ ತೀರಿಕೊಂಡರು.

ನಿನಗೆ ಇವರಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮಹಾದಂಡನಾಯಕರಾಗಿದ್ದಾಗ, 1950ರಲ್ಲಿ, ಮಧ್ಯಪ್ರದೇಶದ ಪಚ್ಮಢಿಯಲ್ಲಿ ಸೇನಾ ಸಂಗೀತದ ಶಾಲೆ ಶುರುವಾಯಿತು. ಬ್ಯಾಂಡಿನ ನಾಯಕರು ಇಂದು ಅಲ್ಲಿ ತಯಾರಾಗುತ್ತಾರೆ. ಅಲ್ಲಿಗೆ ಕಳಿಸುವುದು ಮಾತ್ರ ನಿನ್ನ ಪಡೆ. ಪಡೆ ಕಳಿಸುವುದು ತನಗೆ ಭರವಸೆ ಬಂದವನನ್ನು.

ಈಗ ಕೆಲಸದ ಮಾತು. ಕೇಳಿದ ಹಾಡನ್ನು ಕಿವಿಯಿಂದ ಎತ್ತಿ ಊದುವುದು ನಿನಗೆ ಸಲೀಸು, ಆದರೆ ಸ್ಟಾಫ್ ನೊಟೇಷನ್ ಓದಲು ತಡವರಿಸುತ್ತೀಯ. ದಿನಕ್ಕೆ ಒಂದು ಪುಟ ಕೈಯಾರೆ ನಕಲು ಮಾಡು. ಬೇರೆ ವಾದ್ಯಗಳ ಸಾಲನ್ನೂ ಬರೆ, ನಿನ್ನ ಕ್ಲಾರಿನೆಟ್ಟಿನದೊಂದೇ ಅಲ್ಲ. ಬೆಳಗ್ಗೆ ಓಡು, ಊದುವ ಎದೆಗೂ ಅದು ಒಳ್ಳೆಯದೇ. ಹಿಂದಿ ನಾಲ್ಕು ಮಾತು ಕಲಿ. ಪರೀಕ್ಷೆಗೆ ಹೋಗುವಾಗ ಚೀಲದಲ್ಲಿ ಎರಡು ರೀಡು ಹೆಚ್ಚಾಗಿ ಇಟ್ಟುಕೋ. ಸರತಿಯಲ್ಲಿ ನಿಂತಾಗ ಒಂದು ಸೀಳಿದರೆ ಅಂಗಡಿ ಹುಡುಕಿಕೊಂಡು ಹೋಗಲು ಯಾರೂ ಬಿಡುವುದಿಲ್ಲ.