ಬೆಳಕೇ ಮದ್ದಾದ ಬಗೆ

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಟಾಪೈನರ್ ಎಂಬ ಪ್ರಾಧ್ಯಾಪಕರ ಶಿಷ್ಯನಾಗಿದ್ದ ಆಸ್ಕರ್ ರಾಬ್, 1900ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದನು. ಆಕ್ರಿಡಿನ್ ಎಂಬ ರಾಸಾಯನಿಕವನ್ನು ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗಳು ಕತ್ತಲೆಯಲ್ಲಿ ಬಹಳ ಹೊತ್ತು ಬದುಕಿರುತ್ತಿದ್ದವು. ಬೆಳಕು ಬಿದ್ದರೆ ಬೇಗನೆ ಸಾಯುತ್ತಿದ್ದವು. ಕೊಲ್ಲಲು ಎರಡೂ ಒಟ್ಟುಗೂಡಬೇಕಾಗಿತ್ತು. ಈ ಅರಿವು ರೋಗಿಗೆ ನಿಜವಾಗಿ ಒದಗಲು ಬಹುಕಾಲ ಹಿಡಿಯಿತು.

ಅದರ ಬೆಲೆ ತಿಳಿಯಬೇಕಾದರೆ ಗಾರ್ಲಿನ್ ರೋಗವನ್ನು ನೋಡಬೇಕು. 1960ರಲ್ಲಿ ಗಾರ್ಲಿನ್ ಮತ್ತು ಗೋಲ್ಟ್ಸ್ ಎಂಬ ವೈದ್ಯರು ವರ್ಣಿಸಿದ ಈ ಅಪರೂಪದ ಆನುವಂಶಿಕ ವ್ಯಾಧಿಯಲ್ಲಿ ದವಡೆಯೊಳಗೆ ನೀರುಗುಳ್ಳೆಗಳು, ಅಂಗೈಯಲ್ಲಿ ಸಣ್ಣ ಕುಳಿಗಳು, ಚರ್ಮದ ಮೇಲೆ ಒಂದರ ಹಿಂದೊಂದು ಕ್ಯಾನ್ಸರ್ ಗಂತಿಗಳು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಅವು ನೂರಾರು. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಸೂರ್ಯನ ಕಿರಣಗಳಿಂದಲೋ ಕ್ಷ-ಕಿರಣದಿಂದಲೋ ಇನ್ನೊಂದೂ ಕೆಟ್ಟರೆ ಕಡಿವಾಣ ಕಳಚಿದಂತೆಯೇ ಸರಿ.

ಇಲ್ಲಿಯೇ ವೈದ್ಯನಿಗೆ ಇಕ್ಕಟ್ಟು. ಇಂಥ ಮಕ್ಕಳಲ್ಲಿ ಕೆಲವರಿಗೆ ಮಿದುಳಿನ ಗಂತಿಯೂ ಬರುವುದುಂಟು. ಅದಕ್ಕಾಗಿ ವಿಕಿರಣ ಚಿಕಿತ್ಸೆ ಕೊಟ್ಟಾಗ, ಕೆಲವೇ ವರ್ಷಗಳಲ್ಲಿ ಕಿರಣ ತಾಗಿದ ಚರ್ಮದಲ್ಲೆಲ್ಲ ಹೊಸ ಗಂತಿಗಳು ಎದ್ದದ್ದನ್ನು ವೈದ್ಯರು ಕಂಡಿದ್ದಾರೆ. ಕತ್ತರಿಸಿ ತೆಗೆಯೋಣವೆಂದರೆ ಒಂದು ಮುಖ ಎಷ್ಟು ಗಾಯಗಳನ್ನು ತಾಳೀತು?

1990ರಲ್ಲಿ ಕೆನಡಾದ ಕೆನೆಡಿ ಮತ್ತು ಅವರ ಸಂಗಡಿಗರು ಒಂದು ಉಪಾಯವನ್ನು ವರದಿ ಮಾಡಿದರು. ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ವಸ್ತುವನ್ನು ನಮ್ಮ ಜೀವಕೋಶಗಳು ಹಂತಹಂತವಾಗಿ ತಯಾರಿಸುತ್ತವೆ. ಅದರ ಮೊದಮೊದಲ ಹಂತದ ಅಮಿನೋಲೆವುಲಿನಿಕ್ ಆಮ್ಲವನ್ನು ಗಂತಿಗೆ ಲೇಪಿಸಿದರೆ, ಕಬ್ಬಿಣ ಸೇರುವುದಕ್ಕೆ ಮುಂಚಿನ ಪ್ರೋಟೋಪಾರ್ಫಿರಿನ್ ಎಂಬ ವಸ್ತು ರೋಗಕೋಶಗಳಲ್ಲಿ ಹೆಚ್ಚಾಗಿ ಶೇಖರವಾಗುತ್ತದೆ. ನೀಲಿ ಬೆಳಕಿನಲ್ಲಿ ಅದು ಕೆಂಪಾಗಿ ಹೊಳೆಯುವುದರಿಂದ ಗಂತಿಯ ಮೇರೆಯೂ ಕಣ್ಣಿಗೆ ಕಾಣುತ್ತದೆ! ಕೆಲವು ಗಂಟೆ ಬಿಟ್ಟು, ಸುಮಾರು 630 ನ್ಯಾನೋಮೀಟರ್ ತರಂಗದೂರದ ಕೆಂಪು ಬೆಳಕನ್ನು ಹಾಯಿಸುತ್ತಾರೆ. ಬೆಳಕಿನ ಶಕ್ತಿಯನ್ನು ಹೀರಿದ ಪ್ರೋಟೋಪಾರ್ಫಿರಿನ್ ಅದನ್ನು ಬಳಿಯ ಆಮ್ಲಜನಕಕ್ಕೆ ದಾಟಿಸುತ್ತದೆ. ಉದ್ರಿಕ್ತವಾದ ಈ ಆಮ್ಲಜನಕ ಕೋಶವನ್ನು ಒಳಗಿನಿಂದಲೇ ಸುಡುತ್ತದೆ. ಅತ್ಯಲ್ಪ ದೂರದಲ್ಲೇ ಅದರ ಆಯುಷ್ಯ ಮುಗಿಯುವುದರಿಂದ ನೆರೆಯ ಚರ್ಮ ಬಹುಮಟ್ಟಿಗೆ ಉಳಿಯುತ್ತದೆ. ಕ್ಷ-ಕಿರಣದಂತೆ ಕೆಂಪು ಬೆಳಕು ಜೀನುಗಳನ್ನು ನೇರವಾಗಿ ಮುರಿಯುವುದಿಲ್ಲ, ಕಲೆಯೂ ಕಡಿಮೆ.

ಹಾಗೆಂದು ಇದು ಸಂಜೀವಿನಿಯಲ್ಲ. ಲೇಪವೂ ಬೆಳಕೂ ಚೆನ್ನಾಗಿ ತಲುಪುವುದು ಒಂದೆರಡು ಮಿಲಿಮೀಟರ್ ಆಳಕ್ಕೆ ಮಾತ್ರ. ಆದ್ದರಿಂದ ಎಳೆಯ, ತೆಳುವಾದ ಗಂತಿಗಳಿಗಷ್ಟೇ ಇದು ಸಲ್ಲುತ್ತದೆ. ಆಳಕ್ಕಿಳಿದವಕ್ಕೆ ಸಾಮಾನ್ಯವಾಗಿ ಕತ್ತಿಯೇ ಗತಿ. ಬೆಳಕು ಬೀಳುವಾಗ ಉರಿ ತೀವ್ರವಾಗಿರುತ್ತದೆ. ವಾಸಿಯಾದ ಜಾಗದಲ್ಲಿ ರೋಗ ಮರುಕಳಿಸುವುದೂ ಉಂಟು. ಕೆಟ್ಟ ಜೀನಂತೂ ಇದ್ದಲ್ಲೇ ಇರುತ್ತದೆ. ಆದಕಾರಣ ರೋಗಿಯು ಬಿಸಿಲಿಗೆ ಮೈಯೊಡ್ಡದೆ, ಗಂತಿ ತೆಳುವಾಗಿರುವಾಗಲೇ ಅದನ್ನು ಗುರುತಿಸಲೆಂದು ಆಗಾಗ ವೈದ್ಯನ ಬಳಿಗೆ ಬರುತ್ತಲೇ ಇರಬೇಕಾಗುತ್ತದೆ.