ಈ ಸುಸ್ತು ಯಾಕೆ?

ಬೆಳಿಗ್ಗೆ ಎದ್ದರೆ ಸುಸ್ತು. ರಾತ್ರಿ ಮಲಗಿದ್ದರೂ ಸುಸ್ತು. ಒಂದು ಕೊಡ ನೀರು ಎತ್ತಿದರೆ ಕೂತುಬಿಡೋಣ ಅನ್ನಿಸುತ್ತದೆ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್ ಕಡೆ ಮನೆಗೆಲಸಕ್ಕೆ ಹೋಗುವ ಅಕ್ಕಂದಿರು, ಗಾರ್ಮೆಂಟ್ಸ್‌ಗೆ ಹೋಗುವ ತಂಗಿಯರು ಈ ಮಾತು ಹೇಳುತ್ತಾರೆ. ಮನೆಯವರು ಏನಂತಾರೆ? "ಸೋಮಾರಿ" ಅಂತಾರೆ. ಇಲ್ಲದಿದ್ದರೆ "ದೃಷ್ಟಿ ತಾಗಿದೆ" ಅಂತಾರೆ. ದೃಷ್ಟಿ ತೆಗೆದರೆ ಮನಸ್ಸಿಗೆ ಸಮಾಧಾನ ಆಗಬಹುದು. ಮೈಯಲ್ಲಿ ರಕ್ತ ಹೆಚ್ಚುವುದಿಲ್ಲ.

ದುಡಿದರೆ ದಣಿವಾಗುತ್ತದೆ. ನಿದ್ದೆ ಮಾಡಿದರೆ ಹೋಗುತ್ತದೆ. ವಾರಗಟ್ಟಲೆ ಹೋಗದಿದ್ದರೆ ಕಾರಣ ಹುಡುಕಬೇಕು.

ಮೊದಲು ರಕ್ತ ನೋಡಿಸೋಣ. 2019–21ರಲ್ಲಿ ಸರ್ಕಾರ ದೇಶದಲ್ಲೆಲ್ಲಾ ಆರೋಗ್ಯದ ಸಮೀಕ್ಷೆ ಮಾಡಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತು ಇದೆ. ನಾವು ಎಳೆದುಕೊಂಡ ಉಸಿರಿನ ಆಮ್ಲಜನಕವನ್ನು ಮೈಗೆಲ್ಲಾ ಹೊತ್ತು ಒಯ್ಯುವುದು ಅದೇ. ಬಸುರಿಯಲ್ಲದ ಹೆಂಗಸಿಗೆ ಅದು 12 ಗ್ರಾಂ ಆದರೂ ಇರಬೇಕು. ಕಡಿಮೆಯಾದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋದರೆ ಹೀಗಾಗುತ್ತದೆ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಮಾತ್ರ ತಿಂದರೂ ಹೀಗಾಗುತ್ತದೆ. ಡಾಕ್ಟರು ಕಬ್ಬಿಣದ ಅಂಶದ ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆ ನುಂಗಬೇಡಿ. ಮಲ ಕಪ್ಪಾದರೆ ಹೆದರಿ ಮಾತ್ರೆ ಬಿಡಬೇಡಿ.

ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇದ್ದರೂ ಸುಸ್ತು ಬರುತ್ತದೆ. ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್‌ಗೆ ಹೋಗಿ. ಜಯನಗರದ ಸರ್ಕಾರಿ ಆಸ್ಪತ್ರೆಗೂ ಹೋಗಬಹುದು. "ಸುಸ್ತು, ಒಂದು ಟಾನಿಕ್ ಬರೆದುಕೊಡಿ" ಅನ್ನಬೇಡಿ. "ಯಾಕೆ ಸುಸ್ತು ಅಂತ ನೋಡಿ" ಅನ್ನಿ.

ರಕ್ತ ಸರಿ ಇದ್ದರೂ ಸುಸ್ತು ಇರಬಹುದು. ಗೋವಾದಲ್ಲಿ ವೈದ್ಯರು ಹೆಂಗಸರನ್ನು ವಿಚಾರಿಸಿ 2005ರಲ್ಲಿ ವರದಿ ಕೊಟ್ಟರು. 100ರಲ್ಲಿ 12 ಮಂದಿಗೆ ಆರು ತಿಂಗಳಿಂದ ಸುಸ್ತು ಬಿಟ್ಟಿರಲಿಲ್ಲ. ಬಡತನ ಇದ್ದವರಲ್ಲಿ, ಗಂಡನ ಹಿಂಸೆ ಸಹಿಸಿದವರಲ್ಲಿ, ಮನಸ್ಸು ನೊಂದವರಲ್ಲಿ ಅದು ಹೆಚ್ಚಿತ್ತು. ಮನಸ್ಸಿನ ನೋವಿಗೂ ಚಿಕಿತ್ಸೆ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ಹತ್ತಿರವೇ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ.

ಇನ್ನೂ ಒಂದು ಕಾಯಿಲೆ ಇದೆ. ಅದರ ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಹೆಸರು ಉದ್ದ. ಬಿಡದೆ ಕಾಡುವ ದಣಿವಿನ ಕಾಯಿಲೆ ಅನ್ನೋಣ. ಎಷ್ಟೋ ಜನಕ್ಕೆ ಜ್ವರ ಬಂದು ಹೋದ ಮೇಲೆ ಇದು ಶುರುವಾಗುತ್ತದೆ. ಕೋವಿಡ್ ಆದ ಮೇಲೂ ಕೆಲವರಿಗೆ ಬಂದಿದೆ. ಇದರ ಗುರುತು ಹೀಗೆ. ಇವತ್ತು ಸ್ವಲ್ಪ ಹೆಚ್ಚು ಕೆಲಸ ಮಾಡುತ್ತೀರಿ. ನಾಳೆಯೋ ನಾಡಿದ್ದೋ ಮೈ ಕುಸಿಯುತ್ತದೆ. ಮತ್ತೆ ಏಳಲು ಎಷ್ಟೋ ದಿನ ಬೇಕು. ನಿದ್ದೆ ಮಾಡಿದರೂ ಹಗುರ ಆಗುವುದಿಲ್ಲ. ಮರೆವು ಬರುತ್ತದೆ. ಎದ್ದು ನಿಂತರೆ ತಲೆ ಸುತ್ತುತ್ತದೆ. ಆರು ತಿಂಗಳಾದರೂ ಹೀಗೇ ಇರುತ್ತದೆ.

ಈ ಕಾಯಿಲೆ ಯಾವ ರಕ್ತ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಬೇರೆ ಕಾಯಿಲೆ ಇಲ್ಲ ಅಂತ ನೋಡಿ, ನಿಮ್ಮ ಮಾತು ಕೇಳಿ, ಡಾಕ್ಟರು ತಿಳಿಯಬೇಕು. ಪೂರ್ತಿ ವಾಸಿ ಮಾಡುವ ಮಾತ್ರೆ ಇನ್ನೂ ಇಲ್ಲ. ಶಕ್ತಿಯನ್ನು ಸಂಬಳದ ಹಾಗೆ ಖರ್ಚು ಮಾಡಬೇಕು. ಒಂದನೇ ತಾರೀಕು ಬಂದದ್ದು ಐದನೇ ತಾರೀಕಿಗೆ ಮುಗಿದರೆ ಆಮೇಲೆ ಸಾಲ. ಮೈಗೂ ಹಾಗೇ. ಸುಸ್ತಾಗುವ ಮುಂಚೆಯೇ ಕೂತುಕೊಳ್ಳಿ. ತರಕಾರಿ ಕೂತು ಹೆಚ್ಚಿ. ಒಂದು ದಿನ ಚೆನ್ನಾಗಿದ್ದೀನಿ ಅಂತ ಮನೆಯ ಕಂಬಳಿಯೆಲ್ಲಾ ಒಗೆಯಬೇಡಿ. ದಿನಾ ವ್ಯಾಯಾಮ ಹೆಚ್ಚಿಸುತ್ತಾ ಹೋಗಿ ಅಂತ ಮೊದಲು ಹೇಳುತ್ತಿದ್ದರು. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2021ರಲ್ಲಿ ಆ ಸಲಹೆ ಕೈಬಿಟ್ಟಿತು. ಈ ಕಾಯಿಲೆಯವರಿಗೆ ಅದರಿಂದ ತೊಂದರೆ ಹೆಚ್ಚಬಹುದು.

ವಿಶ್ರಾಂತಿ ತಗೊಳ್ಳಿ ಅನ್ನೋದು ಸುಲಭ. ರಜೆ ಹಾಕಿದರೆ ಸಂಬಳ ಹಿಡೀತಾರೆ, ಅದು ನಮಗೂ ಗೊತ್ತು. ಮನೆಯ ಕೆಲಸವನ್ನಾದರೂ ಹಂಚಬಹುದಲ್ಲ? ನೀರನ್ನು ಗಂಡನೋ ಮಗನೋ ಹಿಡಿಯಲಿ. ಪಾತ್ರೆ ಅವರೇ ತೊಳೆಯಲಿ.

ಓದಿ, ಬರೆಯಿರಿ

ಡಾಕ್ಟರ ಎದುರು ಕೂತಾಗ ಎಲ್ಲಾ ಮರೆತುಹೋಗುತ್ತದೆ. ಈಗ ನಿಮಗೆ ಬರೆಯಲು ಬರುತ್ತದೆ. ದಿನಾ ರಾತ್ರಿ ಎರಡು ಸಾಲು ಬರೆಯಿರಿ. ಹೀಗೆ:

ಸೋಮವಾರ. ಮೂರು ಮನೆ ಕೆಲಸ. ಬಟ್ಟೆ ಒಗೆದೆ. ಸಂಜೆ ಚೆನ್ನಾಗಿದ್ದೆ.
ಮಂಗಳವಾರ. ಏಳಲು ಆಗಲಿಲ್ಲ. ತಲೆ ಸುತ್ತು.
ಬುಧವಾರ. ಇನ್ನೂ ಸುಸ್ತು. ಒಂದು ಮನೆಗೆ ಮಾತ್ರ ಹೋದೆ.

ಮುಟ್ಟಾದ ದಿನ, ಜ್ವರ ಬಂದ ದಿನವನ್ನೂ ಬರೆಯಿರಿ. ಹದಿನೈದು ದಿನ ಬರೆದು ಆ ಹಾಳೆಯನ್ನು ಡಾಕ್ಟರ ಕೈಗೆ ಕೊಡಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ.