ಜಾಲರಿ ಗೂಡಿನ ಸೂರು: ಗೋಸುಂಬೆಯ ಮನೆಯಲ್ಲಿ ಕುಂಡ ಮತ್ತು ದೀಪ ತೂಗುಹಾಕುವ ಲೆಕ್ಕ

ಗೋಸುಂಬೆ ಅನ್ನೋದು ನಮ್ಮಲ್ಲಿ ಬೈಗುಳ. ಅಮೆರಿಕ, ಯುರೋಪಿನ ಎಷ್ಟೋ ಮನೆಗಳಲ್ಲಿ ಅದು ಸಾಕುಪ್ರಾಣಿ. ಅಲ್ಲಿ ಹೆಚ್ಚಾಗಿ ಸಾಕೋದು ವೇಲ್ಡ್ ಗೋಸುಂಬೆ ಎಂಬ ಜಾತಿಯನ್ನು. ಇದರ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ನೆತ್ತಿಯ ಮೇಲೆ ಕಿರೀಟದ ಹಾಗೆ ಎದ್ದುನಿಂತ ಎಲುಬಿನ ಏಣು ಇರುತ್ತದೆ. ಇದನ್ನು ಸಾಕುವವರು ಮತ್ತೆ ಮತ್ತೆ ಕಾಣುವ ಒಂದು ಗಾಯವಿದೆ: ಆ ಕಿರೀಟದ ತುದಿ ಸುಟ್ಟು ಕಪ್ಪಾಗೋದು. ಸುಟ್ಟದ್ದು ಸೂರಿನ ಮೇಲಿನ ದೀಪ. ದೀಪ ಕೆಟ್ಟಿರಲ್ಲ, ಪ್ರಾಣಿಯೂ ತಪ್ಪು ಮಾಡಿರಲ್ಲ. ದೀಪಕ್ಕೂ ಕೊಂಬೆಗೂ ನಡುವಿನ ಅಂತರವನ್ನು ಯಾರೂ ಲೆಕ್ಕ ಹಾಕಿರಲ್ಲ, ಅಷ್ಟೇ. ಆ ಲೆಕ್ಕಕ್ಕೆ ಬೇಕಾದ ಗಣಿತ ನಮ್ಮ ಮೊದಲ ಎರಡು ವರ್ಷದ ಸಿಲಬಸ್‌ನಲ್ಲೇ ಇದೆ. ಹಾಗಾಗಿ ಈ ಪಾಠ.

ಶುರು ಮಾಡುವ ಮುಂಚೆ ಒಂದು ಮಾತು. ನಮ್ಮ ಬೇಲಿ, ಹೊಲಗಳ ಅಂಚಿನಲ್ಲಿ ಕಾಣುವ ದೇಶೀ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿಯೋದು, ಸಾಕೋದು ಅಪರಾಧ. ಕ್ಯಾಂಪಸ್ಸಿನಲ್ಲಿ ಕಂಡರೆ ದೂರದಿಂದ ನೋಡಿ ಖುಷಿಪಡಿ.

ಈಗ ಗೂಡಿನ ವಿಚಾರ. ದೊಡ್ಡ ಗೋಸುಂಬೆಗೆ ಸಾಮಾನ್ಯವಾಗಿ ಬಳಸೋದು 60 ಸೆ.ಮೀ. ಉದ್ದ, 60 ಸೆ.ಮೀ. ಅಗಲ, 120 ಸೆ.ಮೀ. ಎತ್ತರದ ಗೂಡು. ಅಲ್ಯೂಮಿನಿಯಂ ಚೌಕಟ್ಟು, ಸುತ್ತಲೂ ಮತ್ತು ಮೇಲೆ ಜಾಲರಿ. ನಿಮ್ಮ ಹಾಸ್ಟೆಲ್ ಕಿಟಕಿಯ ಸೊಳ್ಳೆ ಜಾಲರಿಯನ್ನೇ ಕಣ್ಣಮುಂದೆ ತಂದುಕೊಳ್ಳಿ. ಚೌಕಟ್ಟಿನ ಕಾಲುವೆಯಲ್ಲಿ ಜಾಲರಿಯ ಅಂಚು ಮಡಚಿ, ಮೇಲಿಂದ ರಬ್ಬರ್ ಬೀಡಿಂಗ್ ಒತ್ತಿ ಕೂರಿಸಿರುತ್ತಾರೆ. ಮೂಲೆಗಳಲ್ಲಿ ಪ್ಲಾಸ್ಟಿಕ್ ಜೋಡಣೆ. ಗಾಳಿಯಾಡಲು ಇದು ಚೆನ್ನಾಗಿದೆ. ಭಾರ ಹೊರೋದಕ್ಕೆ ಮಾತ್ರ ಇದು ಆಗೋಲ್ಲ.

ಆದರೆ ಗೋಸುಂಬೆ ಮರದ ಮೇಲೆ ಬದುಕೋ ಪ್ರಾಣಿ. ಅದಕ್ಕೆ ನೆಲ ಬೇಡ, ಎತ್ತರದಲ್ಲಿ ಎಲೆ ಬೇಕು. ಎಲೆಯ ಮರೆ ಇಲ್ಲದಿದ್ದರೆ ಅದು ಹೆದರಿಕೊಂಡೇ ಇರುತ್ತದೆ. ಬಟ್ಟಲಲ್ಲಿ ನಿಂತ ನೀರು ಅದರ ಗಮನಕ್ಕೆ ಬರೋದು ಕಮ್ಮಿ, ಎಲೆ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತದೆ. ಅಂದಮೇಲೆ ಕುಂಡಗಳನ್ನು ಮೇಲೆ ತೂಗುಹಾಕಲೇಬೇಕು, ದೀಪವೂ ಮೇಲೇ ಇರಬೇಕು. ಎಲ್ಲ ಹೊರೆ ಬೀಳೋದು ಗೂಡಿನ ಅತಿ ದುರ್ಬಲ ಭಾಗದ ಮೇಲೆ, ಅಂದರೆ ಸೂರಿನ ಮೇಲೆ.

ಕುಂಡದ ಭಾರ ಎಲ್ಲಿಗೆ ಹೋಗುತ್ತದೆ?

ಎರಡು ಲೀಟರ್ ಮಣ್ಣು ಹಿಡಿಯುವ ಕುಂಡ ಒಣಗಿದ್ದಾಗ ಹಗುರ. ನೀರುಣಿಸಿದ ಮೇಲೆ ಮಣ್ಣು, ನೀರು, ಕುಂಡ, ಬಳ್ಳಿ ಎಲ್ಲ ಸೇರಿ ಎರಡೂವರೆ ಕೆ.ಜಿ. ಅಂತ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಕೈಯಲ್ಲಿ ಎತ್ತಿ ನೋಡಿದ ತೂಕವನ್ನು ನಂಬಬೇಡಿ, ಡಿಸೈನ್ ಮಾಡಬೇಕಾದ್ದು ಒದ್ದೆ ತೂಕಕ್ಕೆ. ಇಂಥ ಕುಂಡವನ್ನು ಜಾಲರಿಗೆ ಕೊಕ್ಕೆ ಹಾಕಿ ನೇತುಹಾಕಿದರೆ ಮೊದಲ ದಿನ ಏನೂ ಆಗಲ್ಲ. ಜಾಲರಿ ಸ್ವಲ್ಪ ಜೋತುಬೀಳುತ್ತದೆ, ಬೀಡಿಂಗ್ ನಿಧಾನವಾಗಿ ಕಾಲುವೆಯಿಂದ ಜಾರಲು ಶುರುವಾಗುತ್ತದೆ. ಒಂದು ದಿನ ಕುಂಡ ಕೆಳಗೆ.

ಕೆಲವರು ಬುದ್ಧಿ ಉಪಯೋಗಿಸಿ ಎದುರುಬದುರು ಗೋಡೆಗಳ ನಡುವೆ ಬಿಗಿಯಾಗಿ ತಂತಿ ಎಳೆದು, ಅದರ ಮಧ್ಯಕ್ಕೆ ಕುಂಡ ತೂಗುತ್ತಾರೆ. ನೋಡೋಕೆ ಅಚ್ಚುಕಟ್ಟು. ಫ್ರೀ ಬಾಡಿ ಡಯಾಗ್ರಂ ಬರೆದರೆ ಬಂಡವಾಳ ಗೊತ್ತಾಗುತ್ತದೆ. ತಂತಿ ಅಡ್ಡ ಗೆರೆಗೆ 10 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಬದಿಯ ಎಳೆತ, ಭಾರವನ್ನು 10 ಡಿಗ್ರಿಯ ಸೈನ್‌ನ ಎರಡರಷ್ಟರಿಂದ ಭಾಗಿಸಿದಷ್ಟು, ಅಂದರೆ ಭಾರದ ಸುಮಾರು 2.9 ಪಟ್ಟು. ಎರಡೂವರೆ ಕೆ.ಜಿ. ಕುಂಡಕ್ಕೆ ಒಂದೊಂದು ಗೋಡೆಯೂ ಏಳು ಕೆ.ಜಿ. ಮೀರಿದ ಎಳೆತದಿಂದ ಒಳಕ್ಕೆ ಬಾಗುತ್ತದೆ. ತಂತಿ ಬಿಗಿ ಮಾಡಿದಷ್ಟೂ ಕೋನ ಕಮ್ಮಿಯಾಗಿ ಎಳೆತ ಇನ್ನೂ ಏರುತ್ತದೆ.

ಸರಿಯಾದ ದಾರಿ ಅಂದರೆ ಭಾರವನ್ನು ಜಾಲರಿಯಿಂದ ಪೂರ್ತಿ ತಪ್ಪಿಸಿ, ಚೌಕಟ್ಟಿನ ನಿಂತ ಕಂಬಗಳಿಗೆ ಕೊಡೋದು. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು ಅಡ್ಡಪಟ್ಟಿ ಹಾಕಿ ಸ್ಕ್ರೂ ಮಾಡಬೇಕು. ಎಡಕ್ಕೊಂದು, ಬಲಕ್ಕೊಂದು. ಅವೆರಡರ ಮೇಲೆ ಗೂಡಿನ ಅಗಲಕ್ಕೂ ದುಂಡನೆಯ ಮರದ ಕೋಲು ಕೂರಿಸಿ, ಕುಂಡಗಳನ್ನು ಅದಕ್ಕೆ ತೂಗಬೇಕು. ಈ ಅಡ್ಡಪಟ್ಟಿಗಳನ್ನೇ ಅಮೆರಿಕದಲ್ಲಿ ಡ್ರ್ಯಾಗನ್ ಲೆಡ್ಜ್ ಅನ್ನೋ ಹೆಸರಲ್ಲಿ ಮಾರುತ್ತಾರೆ. ತತ್ವ ಗೊತ್ತಿದ್ದವರಿಗೆ ಅಲ್ಯೂಮಿನಿಯಂ ಪಟ್ಟಿ, ನಾಲ್ಕು ಸ್ಕ್ರೂ ಸಾಕು.

ಕೋಲು ಎಷ್ಟು ದಪ್ಪ ಬೇಕು? ಇದು ಶುದ್ಧ ಎಸ್‌ಒಎಂ ಪ್ರಶ್ನೆ. 60 ಸೆ.ಮೀ. ಉದ್ದದ ಸಿಂಪ್ಲಿ ಸಪೋರ್ಟೆಡ್ ಬೀಮ್, ನಟ್ಟನಡುವೆ ಎರಡು ಕುಂಡಗಳ 5 ಕೆ.ಜಿ., ಅಂದರೆ 49 ನ್ಯೂಟನ್. ಪಿಎಲ್ ಬೈ ಫೋರ್ ಹಾಕಿ, ಬೆಂಡಿಂಗ್ ಮೊಮೆಂಟ್ ಸುಮಾರು 7.4 ನ್ಯೂಟನ್ ಮೀಟರ್. ಕೋಲಿನ ವ್ಯಾಸ 12 ಮಿ.ಮೀ. ಇದ್ದರೆ ಒತ್ತಡ 43 ಮೆಗಾಪ್ಯಾಸ್ಕಲ್ ಮುಟ್ಟುತ್ತದೆ. ಲ್ಯಾಬಿನಲ್ಲಿ ಒಣಗಿದ ಮರದ ತುಂಡು ಇದನ್ನು ತಡೆದರೂ ತಡೆದೀತು. ಆದರೆ ದಿನವೂ ನೀರು ಸಿಂಪಡಿಸಿಕೊಂಡು ತಿಂಗಳುಗಟ್ಟಲೆ ಅದೇ ಭಾರ ಹೊರುವ ಕೋಲಿನಿಂದ ಅಷ್ಟು ಕೇಳಬಾರದು. ಮರದ ಯಂಗ್ಸ್ ಮಾಡ್ಯುಲಸ್ 10 ಗಿಗಾಪ್ಯಾಸ್ಕಲ್ ಅಂತ ಹಿಡಿದರೆ ನಡುವಿನ ಬಾಗು 2 ಸೆ.ಮೀ.ಗಿಂತ ಜಾಸ್ತಿ. ಅದೇ 20 ಮಿ.ಮೀ. ಕೋಲಾದರೆ ಒತ್ತಡ 9.4ಕ್ಕೆ ಇಳಿಯುತ್ತದೆ, ಬಾಗು 3 ಮಿ.ಮೀ.ಗಿಂತ ಕಮ್ಮಿ. ಒತ್ತಡಕ್ಕೆ ವ್ಯಾಸದ ಘನ, ಬಾಗಿಗೆ ವ್ಯಾಸದ ನಾಲ್ಕನೇ ಘಾತ. ಎಂಟು ಮಿಲಿಮೀಟರ್ ಏನು ಮಾಡುತ್ತದೆ ನೋಡಿ.

ಬಾಗಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಕುಂಡ ಬೀಳುತ್ತೆ ಅನ್ನೋದು ಮಾತ್ರ ಅಲ್ಲ. ಅದೇ ಕೋಲುಗಳಿಗೆ ಗೋಸುಂಬೆ ಕೂರುವ ಕೊಂಬೆಯನ್ನೂ ಕಟ್ಟಿರುತ್ತೇವೆ. ಕೋಲು ಬಾಗಿದರೆ ದೀಪದಿಂದ ಕೊಂಬೆಯ ಅಂತರ ಬದಲಾಗುತ್ತದೆ. ಆ ಅಂತರದ ಮೇಲೆ ಪ್ರಾಣಿಯ ಎಲುಬು ನಿಂತಿದೆ.

ಬೆಳಕಿನ ಲೆಕ್ಕ

ಗೋಸುಂಬೆಗೆ ಎರಡು ಬಗೆಯ ದೀಪ ಬೇಕು. ಒಂದು, ಬಿಸಿಲು ಕಾಯೋಕೆ ಶಾಖದ ಬಲ್ಬ್. ಇನ್ನೊಂದು, ಯುವಿಬಿ ಅಂದರೆ ನೇರಳಾತೀತ ಬಿ ಕಿರಣ ಕೊಡುವ ಉದ್ದನೆಯ ಟಿ5 ಟ್ಯೂಬ್. ಚರ್ಮದಲ್ಲಿರುವ 7-ಡಿಹೈಡ್ರೊಕೊಲೆಸ್ಟರಾಲ್ ಈ ಕಿರಣವನ್ನು ಹೀರಿ ಪ್ರಿವಿಟಮಿನ್ ಡಿ3 ಆಗುತ್ತದೆ. ಮೈ ಬೆಚ್ಚಗಿದ್ದಾಗ ಅದು ನಿಧಾನವಾಗಿ ವಿಟಮಿನ್ ಡಿ3 ಆಗಿ ಮಾರ್ಪಡುತ್ತದೆ. ಅಂದರೆ ಮೊದಲ ಹೆಜ್ಜೆಗೆ ಬೆಳಕು, ಎರಡನೆಯದಕ್ಕೆ ಶಾಖ. ಹಾಗಾಗಿ ಎರಡೂ ದೀಪ ಒಂದೇ ಕೊಂಬೆಯ ಮೇಲೆ ಬೀಳುವಂತೆ ಪಕ್ಕಪಕ್ಕದಲ್ಲಿ ಇರಬೇಕು. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಎಲುಬು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ದವಡೆ ಬಾಗುತ್ತದೆ. ಒಮ್ಮೆ ಸೊಟ್ಟಗಾದ ಎಲುಬು ಮತ್ತೆ ನೆಟ್ಟಗಾಗೋದಿಲ್ಲ.

ಯುವಿಬಿ ಕಣ್ಣಿಗೆ ಕಾಣಲ್ಲ ಅನ್ನೋದೇ ತಾಪತ್ರಯ. ಹಳೇ ಟ್ಯೂಬ್ ಬೆಳ್ಳಗೆ ಉರಿಯುತ್ತಲೇ ಇರುತ್ತದೆ, ಆದರೆ ಅದರ ಯುವಿಬಿ ಇಳಿದಿರುತ್ತದೆ. ಅದಕ್ಕೇ ಸೋಲಾರ್‌ಮೀಟರ್ 6.5 ಅನ್ನೋ ಅಳತೆಯ ಉಪಕರಣ ಬಳಸುತ್ತಾರೆ. ಅದು ತೋರಿಸೋದು ಹವಾಮಾನ ವರದಿಯಲ್ಲಿ ಬರುವ ಅದೇ ಯುವಿ ಸೂಚ್ಯಂಕವನ್ನು. ವೇಲ್ಡ್ ಗೋಸುಂಬೆ ಬಿಸಿಲು ಕಾಯುವ ಜಾಗದಲ್ಲಿ ಈ ಸೂಚ್ಯಂಕ ಸುಮಾರು 3 ಇರಬೇಕು ಅನ್ನೋದು ಅನುಭವಿಗಳ ಗುರಿ.

ಈಗ ಜಾಲರಿ ಅಡ್ಡ ಬರುತ್ತದೆ. ಸಾಮಾನ್ಯ ಸೊಳ್ಳೆ ಜಾಲರಿಯಲ್ಲಿ ಇಂಚಿಗೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಎಳೆ. ಎಳೆಯ ದಪ್ಪ 0.28 ಮಿ.ಮೀ. ಹಿಡಿಯೋಣ. ಒಂದು ದಿಕ್ಕಿನಲ್ಲಿ 80 ಶೇಕಡಾ ಖಾಲಿ, ಇನ್ನೊಂದರಲ್ಲಿ 82. ಎರಡನ್ನೂ ಗುಣಿಸಿದರೆ 66. ಅಂದರೆ ದೀಪದ ಮೂರನೇ ಒಂದು ಭಾಗ ಗೂಡಿನೊಳಗೆ ಬರೋದೇ ಇಲ್ಲ. ಓರೆಯಾಗಿ ಬೀಳುವ ಕಿರಣಕ್ಕೆ ನಷ್ಟ ಇನ್ನೂ ಹೆಚ್ಚು. ಟ್ಯೂಬಿನ ಡಬ್ಬಿಯ ಮೇಲೆ ಬರೆದ ಅಂತರ ಜಾಲರಿ ಇಲ್ಲದೆ ಅಳೆದದ್ದೋ, ಇಟ್ಟು ಅಳೆದದ್ದೋ ಅಂತ ನೋಡಿಕೊಳ್ಳಬೇಕು.

ಇನ್ನು ಅಂತರ. ಇನ್ವರ್ಸ್ ಸ್ಕ್ವೇರ್ ಲಾ ಅಂತ ಎಲ್ಲರೂ ಬಾಯಿಪಾಠ ಹೇಳ್ತೀವಿ, ಆದರೆ ಅದು ಬಿಂದುವಿನಂಥ ದೀಪಕ್ಕೆ. ಟ್ಯೂಬ್ ಒಂದು ಗೆರೆ. 55 ಸೆ.ಮೀ. ಉದ್ದದ ಟ್ಯೂಬನ್ನು ಸಣ್ಣ ಸಣ್ಣ ತುಂಡು ಮಾಡಿ ಇಂಟಿಗ್ರೇಟ್ ಮಾಡಿದರೆ, ಹಿಂದಿನ ಪ್ರತಿಫಲಕವನ್ನು ಸದ್ಯಕ್ಕೆ ಬಿಟ್ಟು, ಹೀಗೆ ಬರುತ್ತದೆ: 20 ಸೆ.ಮೀ. ಕೆಳಗೆ ಸೂಚ್ಯಂಕ 3 ಇದ್ದರೆ, 10 ಸೆ.ಮೀ.ನಲ್ಲಿ 6.5, 30ರಲ್ಲಿ 1.75, 40ರಲ್ಲಿ 1.1. ವರ್ಗದ ನಿಯಮ ಹಾಕಿದ್ದರೆ 10ಕ್ಕೆ 12, 40ಕ್ಕೆ 0.75 ಬರುತ್ತಿತ್ತು. ಟ್ಯೂಬ್ ಅಷ್ಟು ಕ್ರೂರಿಯಲ್ಲ. ಬೇಕಾದರೆ ನೀವೇ ಮಾಡಿ ನೋಡಿ, ಎಂ1 ಓದಿದವರಿಗೆ ಹತ್ತು ನಿಮಿಷದ ಕೆಲಸ.

ಈ ಅಂಕಿಗಳಲ್ಲೇ ಇನ್ನೊಂದು ವಿಷಯ ಅಡಗಿದೆ. ಅಳತೆ ಮಾಡಬೇಕಾದ್ದು ಕೊಂಬೆಯ ಮೇಲಲ್ಲ, ಪ್ರಾಣಿಯ ಬೆನ್ನಿನ ಎತ್ತರದಲ್ಲಿ. ದೊಡ್ಡ ಗಂಡು ಕೊಂಬೆ ಮೇಲೆ ಕೂತರೆ ಬೆನ್ನು ಸುಮಾರು 10 ಸೆ.ಮೀ. ಮೇಲಿರುತ್ತದೆ. ಬೆನ್ನಿಗೆ 3 ಬೇಕೆಂದರೆ ಕೊಂಬೆ 30 ಸೆ.ಮೀ. ಕೆಳಗಿರಬೇಕು. ಕೊಂಬೆಯನ್ನೇ 20ರಲ್ಲಿ ಕಟ್ಟಿದರೆ ಬೆನ್ನಿಗೆ ಬೀಳೋದು ಎರಡರಷ್ಟಕ್ಕಿಂತ ಜಾಸ್ತಿ.

ಶಾಖದ ಬಲ್ಬ್ ವಿಷಯಕ್ಕೆ ಬಂದರೆ ನಿಜಕ್ಕೂ ಭಯಪಡಬೇಕು. ಅದು ಹೆಚ್ಚುಕಮ್ಮಿ ಬಿಂದು ದೀಪ, ವರ್ಗದ ನಿಯಮ ಇಲ್ಲಿ ಪೂರ್ತಿ ಅನ್ವಯ. ಜೊತೆಗೆ ಗೋಸುಂಬೆ ಜಾಲರಿ ಹಿಡಿದು ಸೂರಿಗೇ ತಲೆಕೆಳಗಾಗಿ ಹತ್ತುತ್ತದೆ. ಬೆಳಿಗ್ಗೆ ಚಳಿಯಲ್ಲಿದ್ದಾಗ ಮೈ ಬೆಚ್ಚಗಾಗುವ ತನಕ ದೀಪದ ಹತ್ತಿರದಿಂದ ಕದಲಲ್ಲ. ಇಡೀ ಮೈ ಬಿಸಿಯಾಗುವಷ್ಟರಲ್ಲಿ ದೀಪಕ್ಕೆ ಹತ್ತಿರವಿರುವ ಕಿರೀಟದ ತುದಿ ಸುಟ್ಟುಹೋಗಿರುತ್ತದೆ.

ಬಲ್ಬನ್ನು ಜಾಲರಿಯಿಂದ 5 ಸೆ.ಮೀ. ಮೇಲೆ ಇಟ್ಟಿದ್ದೀರಿ, ಬೆನ್ನು ಜಾಲರಿಯಿಂದ 15 ಸೆ.ಮೀ. ಕೆಳಗಿದೆ ಅಂದುಕೊಳ್ಳಿ. ಬೆನ್ನಿಗೆ ಎಷ್ಟು ಶಾಖ ಬೇಕೋ ಅಷ್ಟು ವಾಟ್ ಆರಿಸಿದ್ದೀರಿ, ಥರ್ಮಾಮೀಟರ್ 30 ಡಿಗ್ರಿ ಆಸುಪಾಸು ತೋರಿಸ್ತಿದೆ, ಎಲ್ಲ ಸರಿ. ಆದರೆ ಜಾಲರಿ ಹತ್ತಿದ ಪ್ರಾಣಿಗೆ ಬೀಳುವ ಕಿರಣ 20 ಬೈ 5ರ ವರ್ಗ, ಅಂದರೆ 16 ಪಟ್ಟು. ಈಗ ಅದೇ ಬಲ್ಬನ್ನು 20 ಸೆ.ಮೀ. ಮೇಲೆತ್ತಿ, ವಾಟ್ ಹೆಚ್ಚಿಸಿ, ಬೆನ್ನಿಗೆ ಮೊದಲಿನಷ್ಟೇ ಶಾಖ ಕೊಡಿ. ಜಾಲರಿಯಲ್ಲಿ 35 ಬೈ 20ರ ವರ್ಗ, ಬರೀ 3 ಪಟ್ಟು. ಪ್ರಾಣಿಗೆ ಸುಖ ಕೊಡುವ ಜಾಗ ಒಂದಿಷ್ಟೂ ಬದಲಾಗಿಲ್ಲ, ಅಪಾಯದ ಜಾಗ ಮಾತ್ರ ತಣ್ಣಗಾಯಿತು. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ. ಕಡಿಮೆ ವಾಟ್ ಬಲ್ಬ್ ಹತ್ತಿರ ಇಡೋದೇ ಸುರಕ್ಷಿತ ಅನ್ನುವ ನಂಬಿಕೆ ಇಲ್ಲಿ ಪೂರ್ತಿ ಉಲ್ಟಾ.

ಅಷ್ಟು ಎತ್ತರದಲ್ಲಿ ಬಲ್ಬನ್ನು ಗೂಡಿನ ಮೇಲೆ ಇಡೋಕಾಗಲ್ಲ, ತೂಗಲೇಬೇಕು. ಚಾವಣಿಗೆ ಕೊಕ್ಕೆ ಹಾಕಬಹುದು. ಬಾಡಿಗೆ ಮನೆಯ ಮಾಲೀಕರು ಒಪ್ಪದಿದ್ದರೆ ಬಟ್ಟೆ ನೇತುಹಾಕುವ ಕಬ್ಬಿಣದ ಸ್ಟ್ಯಾಂಡ್ ತಂದು ಗೂಡಿನ ಮೇಲೆ ಹಾದುಹೋಗುವಂತೆ ನಿಲ್ಲಿಸಬಹುದು. ಹಗ್ಗಕ್ಕಿಂತ ಸಣ್ಣ ಚೈನ್ ಒಳ್ಳೇದು. ಒಂದೊಂದೇ ಕೊಂಡಿ ಬಿಟ್ಟು ಎತ್ತರ ಹೊಂದಿಸಬಹುದು, ಶಾಖಕ್ಕೆ ಕರಗಲ್ಲ. ದಿನಕ್ಕೆ ಹಲವು ಬಾರಿ ನೀರು ಸಿಂಪಡಿಸುವ ಜಾಗ ಇದು. ಹಾಗಾಗಿ ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮುಂಚೆ ಕೆಳಗಿಳಿದು ಮತ್ತೆ ಮೇಲೇರಬೇಕು, ವೈರ್ ಮೇಲಿನ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಲಿ. ಸರ್ಕ್ಯೂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಬಿಸಿ ಬಲ್ಬಿಗೆ ಹನಿ ಸಿಡಿದರೆ ಗಾಜು ಒಡೆಯುತ್ತದೆ, ಸಿಂಪಡಿಸುವ ನಳಿಕೆಯನ್ನು ಆ ಕಡೆ ತಿರುಗಿಸಬೇಡಿ.

ಬೆಳೆಯುವ ಬಿಡಿಭಾಗ

ಯಾವ ಗಿಡ ತೂಗಬೇಕು? ಸಾಕುವವರ ಅಚ್ಚುಮೆಚ್ಚಿನದು ನಮ್ಮೆಲ್ಲರ ಮನೆಯ ಮನಿ ಪ್ಲಾಂಟ್. ಕಮ್ಮಿ ಬೆಳಕಲ್ಲೂ ಬದುಕುತ್ತದೆ, ಅಗಲ ಎಲೆಯಲ್ಲಿ ನೀರು ನಿಲ್ಲುತ್ತದೆ, ಜೋತುಬಿದ್ದು ಮರೆ ಕೊಡುತ್ತದೆ. ದಾಸವಾಳವೂ ಆಗುತ್ತದೆ, ಅದಕ್ಕೆ ಬೆಳಕು ಜಾಸ್ತಿ ಬೇಕು. ವೇಲ್ಡ್ ಗೋಸುಂಬೆ ಎಲೆಯನ್ನೂ ಕಚ್ಚಿ ತಿನ್ನುವುದರಿಂದ ಕಣಗಿಲೆಯಂಥ ವಿಷದ ಗಿಡಗಳನ್ನು ಹತ್ತಿರ ಸೇರಿಸಬಾರದು. ನರ್ಸರಿಯಿಂದ ತಂದ ಗಿಡವನ್ನು ಚೆನ್ನಾಗಿ ತೊಳೆದು, ಮಣ್ಣು ಬದಲಿಸಿ, ಕೆಲವು ವಾರ ಹೊರಗೆ ಇಟ್ಟು ಆಮೇಲೆ ಒಳಗೆ ತನ್ನಿ, ಔಷಧಿ ಹೊಡೆದಿರುತ್ತಾರೆ.

ಎಲೆ ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಇದು ಒಳ್ಳೇದೇ, ಪ್ರಾಣಿಗೆ ಬೇಡವೆನಿಸಿದಾಗ ನೆರಳಿಗೆ ಸರಿಯಬಹುದು. ಆದ್ದರಿಂದ ಕುಂಡಗಳನ್ನು ಸಾಲಾಗಿ ಒಂದೇ ಎತ್ತರಕ್ಕೆ ತೂಗಬೇಡಿ. ದೀಪದ ಕೆಳಗೆ ಒಂದು ಕೊಂಬೆಯಷ್ಟು ಜಾಗ ಬಯಲಾಗಿರಲಿ. ಅದರ ಎರಡೂ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ದಟ್ಟ ಎಲೆ ಇರಲಿ.

ಸ್ಟೀಲ್, ಅಲ್ಯೂಮಿನಿಯಂ ಜೊತೆ ಡಿಸೈನ್ ಮಾಡಿ ಅಭ್ಯಾಸವಾದ ನಮಗೆ ಗಿಡದ ಒಂದು ಗುಣ ಮರೆತೇ ಹೋಗುತ್ತದೆ: ಅದು ಬೆಳೆಯುತ್ತದೆ. ಮನಿ ಪ್ಲಾಂಟ್ ಬಳ್ಳಿ ಕೋಲಿಗೆ ಸುತ್ತಿಕೊಂಡು, ಜಾಲರಿಗೆ ಬೇರು ಊರಿ, ಬೆಳಕಿನ ಕಡೆಗೇ ಹೋಗುತ್ತದೆ. ನೀವು 30 ಸೆ.ಮೀ. ಅಂತ ಅಳೆದು ಕಟ್ಟಿದ ಕೊಂಬೆಗೂ ದೀಪಕ್ಕೂ ನಡುವೆ ಕೆಲ ತಿಂಗಳಲ್ಲಿ ಒಂದು ಹಸಿರು ಮೆಟ್ಟಿಲು ಎದ್ದಿರುತ್ತದೆ. ಗೋಸುಂಬೆಗೆ ಅದೂ ಕೊಂಬೆಯೇ, ಹತ್ತಿ ಕೂರುತ್ತದೆ. ಇಲ್ಲವೇ ಒಂದು ಅಗಲ ಎಲೆ ಕೊಂಬೆಯ ಮೇಲೆ ಚಾಚಿಕೊಂಡು ಸೂಚ್ಯಂಕವನ್ನು ಸೊನ್ನೆ ಮಾಡಿರುತ್ತದೆ, ಗೂಡು ಮಾತ್ರ ಮೊದಲಿಗಿಂತ ಚೆಂದ ಕಾಣುತ್ತಿರುತ್ತದೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು ಪ್ರಾಣಿ ಈಗ ನಿಜವಾಗಿ ಎಲ್ಲಿ ಕೂರುತ್ತಿದೆಯೋ ಅಲ್ಲೇ ಅಳೆಯಬೇಕು. ಮೀಟರ್ ಇಲ್ಲದವರು ಅಳತೆಪಟ್ಟಿಯಲ್ಲಾದರೂ ದೀಪದಿಂದ ಅತಿ ಮೇಲಿನ ಎಲೆಯ ತನಕ ಅಂತರ ನೋಡಬೇಕು. ಬೆನ್ನಿನ ಗೆರೆ ದಾಟಿದ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಕತ್ತರಿಸಿದ ತುಂಡನ್ನು ನೀರಲ್ಲಿಟ್ಟರೆ ಬೇರು ಬಿಡುತ್ತದೆ, ಮುಂದಿನ ಕುಂಡಕ್ಕೆ ಅದೇ ಸಸಿ.